ಮೊದಲ ಹಿಡಿಮಣ್ಣು

ಪಿಂಡಕ್ಕೆ ಉಸಿರನ್ನಿತ್ತು, ಇತ್ತ ಮೇಲೆ ಮುಖ ತಿರುಗಿಸದವನೇ, ತುಂಗಭದ್ರೆಯ ತಡಿಯಲ್ಲಿ ನೆಲೆಗೊಂಡ ವಿರೂಪಾಕ್ಷನೇ, ನಿನಗೆ ಶರಣು. ಸೃಷ್ಟಿಯು ನಿನ್ನ ಲೀಲೆಯೆಂದು ಬಲ್ಲವರು ಹೇಳುತ್ತಾರೆ. ಸೃಷ್ಟಿಸಿದ್ದನ್ನು ಸಲಹುವುದು ನಿನ್ನ ವ್ರತವೆಂದು ನಾವು ನಂಬಿದ್ದೇವೆ. ಆ ವ್ರತದ ಒಂದು ಎಳೆಯನ್ನು ಹಿಡಿದು ಬಾಳಿದ ಸಾಮಾನ್ಯನೊಬ್ಬನ ಕಡೆಯ ದಿನದ ಕತೆ ಇದು. ಹೇಳುವ ನಾಲಗೆ ತೊದಲದಂತೆ, ಕೇಳುವ ಕಿವಿ ದಣಿಯದಂತೆ ನಡೆಸು.

*

ಮೊಣಕಾಲು ಮಡಚಲಿಲ್ಲ. ಉಮಾಪತಿ ಬಿಸಿನೀರಿನ ಬಟ್ಟೆಯನ್ನು ಮತ್ತೊಮ್ಮೆ ಹಿಂಡಿ ಚಿಕ್ಕಪ್ಪನ ಮಂಡಿಗೆ ಸುತ್ತಿದನು. ಇಬ್ಬರು ತೋಳು ಹಿಡಿದು ದೇಹವನ್ನು ಗೋಡೆಗೆ ಒರಗಿಸಿ ನಿಂತಿದ್ದರು. ಲಿಂಗವಂತರ ಮನೆ; ಪದ್ಮಾಸನದಲ್ಲಿ ಕುಳ್ಳಿರಿಸದೆ ಮಣ್ಣು ಕೊಡುವಂತಿರಲಿಲ್ಲ.

"ಕಾಕಾ, ಜರಾ ಸಡ್ಲ ಬಿಡೋ. ಎಷ್ಟಂತ ಹಟಾ ಮಾಡ್ತಿ?"

"ಜೀವ ಇದ್ದಾಗ ಯಾರ ಮಾತು ಕೇಳ್ಯಾನ, ಈಗ ಕೇಳಾಕ?" ಎಂದರು ಹಿರೇಮಠದ ಅಯ್ಯನವರು, ಬಟ್ಟಲಲ್ಲಿ ವಿಭೂತಿಯನ್ನು ಕಲಸುತ್ತ. "ನಾ ಬರಬ್ಯಾಡ ಅಂದ್ರೂ ಮಠಕ್ಕ ಬಂದು ನಾಡಿ ಹಿಡೀತಿದ್ದ. ಬೆಲ್ಲಾ ಬಿಡ್ರಿ ಅಯ್ಯಾರ, ಬೆಲ್ಲಾ ಬಿಡ್ರಿ ಅಂತಿದ್ದ. ಇನ್ನ ಬಿಡಸವ್ರು ಯಾರೂ ಇಲ್ಲ. ತಿಂದು ಸಾಯೂದ ಉಳೀತು."

ಒಳಗಿದ್ದವರು ನಕ್ಕರು, ನಕ್ಕವರೇ ಕಣ್ಣೊರೆಸಿಕೊಂಡರು.

ಯಲಬುರ್ಗಿಯ ವೈದ್ಯ ಆದೆಪ್ಪ ಪಂಡಿತರು ಹಿಂದಿನ ದಿನ ಸಂಜೆ ಮಜ್ಜಿಗೆ ಕುಡಿದು, ಪಾತ್ರೆಯನ್ನು ತಾವೇ ತೊಳೆದು ಬೋರಲು ಹಾಕಿ, ಜಗುಲಿಯ ಮೇಲೆ ಕುಳಿತಲ್ಲಿಯೇ ತಲೆ ವಾಲಿಸಿದ್ದರು. ಮದುವೆಯಾದವರಲ್ಲ. ಆದರೂ ಬೆಳಗಿನಿಂದ ಅಂಗಳದಲ್ಲಿ ಕಾಲಿಡಲು ಸ್ಥಳವಿರಲಿಲ್ಲ. ಜ್ವರ ಬಿಟ್ಟವರು, ಹೆರಿಗೆಯಲ್ಲಿ ಉಳಿದವರು, ಹಾವು ಕಚ್ಚಿಯೂ ಮೊಮ್ಮಕ್ಕಳನ್ನು ಕಂಡವರು ಒಬ್ಬೊಬ್ಬರಾಗಿ ಬಂದು, ಅವರ ಪಾದವನ್ನು ಮುಟ್ಟಿ, ತಮಗೆ ಅವರು ಮಾಡಿದ ಉಪಕಾರವನ್ನು ಅವರಿಗೇ ನೆನಪಿಸುವಂತೆ ಹೇಳಿ ಹೋಗುತ್ತಿದ್ದರು. ಪಕ್ಕದ ಮನೆಯ ನಸೀಮಾಬಿ ಮಾತ್ರ ಹೊಸ್ತಿಲ ಹೊರಗೆ ಕುಳಿತು ಬಿಲ್ವಪತ್ರೆಯ ತೊಟ್ಟುಗಳನ್ನು ಬಿಡಿಸುತ್ತಿದ್ದಳು. ಅವಳಿಗೆ ಯಾರೂ ಆ ಕೆಲಸವನ್ನು ಹೇಳಿರಲಿಲ್ಲ; ಯಾರೂ ಬೇಡವೆನ್ನಲೂ ಇಲ್ಲ.

"ಪಾರಮ್ಮಗ ಸುದ್ದಿ ಮುಟ್ಟೈತೇನೋ ಉಮಾಪತಿ?" ಎಂದು ಅವಳು ಕೇಳಿದಳು.

"ನಸುಕಿನ್ಯಾಗ ಆಳು ಹೋಗ್ಯಾನ ಬೀ. ಸಿದ್ದಾಪುರ ಏನು ಸನೇಕೈತಾ? ಬರೂತನಕ ಎತ್ತೂದಿಲ್ಲ. ಮದ್ಲ ಹಿಡಿ ಆಕೀದು. ಕಾಕಾ ಬಾಯಿಬಿಟ್ಟು ಹೇಳ್ಯಾನ, ಮದ್ಲ ಹಿಡಿ ಪಾರಮ್ಮಂದು, ಆಮ್ಯಾಲ ನಿಂದು ಅಂತ."

"ಅದು ಆಗೂದಿಲ್ಲ."

ಮಾತು ಬಾಗಿಲಿನಿಂದ ಬಂದಿತು. ಕೊಟ್ರಪ್ಪ ಗೌಡನು ರುಮಾಲು ಸುತ್ತಿದ ತಲೆಯನ್ನು ತಗ್ಗಿಸಿ ಒಳಗೆ ಬಂದು, ಹೆಣಕ್ಕೆ ಕೈಮುಗಿದು ನಿಂತನು. ದೈವದ, ಎಂದರೆ ಊರ ಪಂಚರ, ಹಿರಿಯನವನು; ಊರಿನಲ್ಲಿ ಅವನ ಮಾತನ್ನು ದಾಟುವವರು ಕಡಿಮೆ.

"ಅಣ್ಣನ ಮಗ ನೀ. ಮಗ ಇದ್ದಂಗ. ಮದ್ಲ ಹಿಡಿ ನಿಂದು. ತನ್ನ ಹೆಸರಿಗೆ ಕುಣಿ ತೆಗಿಸಿಕೊಂಡಾಕಿ ಇನ್ನೊಬ್ಬರ ಕುಣಿಗೆ ಮಣ್ಣು ಕೊಡಬಾರ್ದು. ಊರಿಗೆ ಛಲೋ ಅಲ್ಲ."

"ಆ ಕುಣಿ ತೆಗ್ದವ್ರು ಯಾರ್ರಿ ಗೌಡ್ರ?" ಎಂದಳು ನಸೀಮಾಬಿ, ಪತ್ರೆಯಿಂದ ಕಣ್ಣೆತ್ತದೆ.

ಉತ್ತರವು ಅಲ್ಲಿದ್ದವರೆಲ್ಲರಿಗೂ ತಿಳಿದಿತ್ತು. ಪಾರಮ್ಮ ಗೌಡನ ಹೊಟ್ಟೆಯ ಮಗಳು, ಪಂಡಿತರ ಸಾಕುಮಗಳು. ಅವಳ ಕುಣಿಯನ್ನು ತೆಗೆದವನು ಅವನೇ. ಅಂದಿನಿಂದ ಇಂದಿನವರೆಗೆ ಅವಳ ಹೆಸರು ಅವನ ಬಾಯಲ್ಲಿ ಬಂದಿರಲಿಲ್ಲ.

"ಬರ್ಲಿ ಮದ್ಲು," ಎಂದರು ಅಯ್ಯನವರು. "ಹೆಣಾನೂ ಗಟ್ಟಿ ಕುಂತೈತಿ, ಗೌಡನೂ ಗಟ್ಟಿ ನಿಂತಾನ. ಒಂದನ್ನ ಮಡಚೂನು, ಆಮ್ಯಾಲ ಇನ್ನೊಂದು."

*

ಮೂವತ್ತನೆಯ ಇಸವಿಯ ಮಾತು. ಆದೆಪ್ಪನು ಹೈದರಾಬಾದಿನಲ್ಲಿ ವೈದ್ಯವನ್ನು ಕಲಿತು ಊರಿಗೆ ಮರಳಿದ್ದನು. ಔಷಧಿಯ ಗಂಟಿನೊಂದಿಗೆ ತಲೆಯಲ್ಲಿ ಒಂದು ಹುಚ್ಚನ್ನೂ ಹೊತ್ತು ತಂದಿದ್ದನು. ಅಲ್ಲಿ ಯಾವುದೋ ಸಾಹೇಬರ ತೋಟದಲ್ಲಿ, ಕೋಳಿಯ ಹಂಗಿಲ್ಲದೆ ಪೆಟ್ಟಿಗೆಯೊಂದು ಮರಿ ಮಾಡುವುದನ್ನು ಅವನು ಕಂಡಿದ್ದನು. ತಗಡಿನ ಕೆಲಸದವನನ್ನು ಹಿಡಿದು, ಎರಡು ಪದರದ ಪೆಟ್ಟಿಗೆಯನ್ನು ಮಾಡಿಸಿ, ಪದರಗಳ ನಡುವೆ ನೀರು ತುಂಬಿ, ಕೆಳಗೆ ಕಂದೀಲನ್ನಿಟ್ಟು, ಒಳಗೆ ಅರಳೆ ಹಾಸಿದನು. ಲಿಂಗವಂತರ ಹಿತ್ತಲಲ್ಲಿ ತತ್ತಿ! ಮನೆಯ ಹಿರಿಯರು ಮೂಗು ಮುಚ್ಚಿಕೊಂಡರು. ಮದುವೆಯ ಮಾತೆತ್ತಿದವರಿಗೆ, "ಪೆಟ್ಟಿಗಿ ಮುಗೀಲಿ," ಎನ್ನುತ್ತಿದ್ದನು.

ತತ್ತಿ ಕೊಡುವವಳು ನಸೀಮಾಬಿ.

"ತಿನ್ನಾಕ ಅಲ್ಲಂದ್ರ ಯಾಕ್ರಿ ಪಂಡಿತ್ರ?"

"ಮರಿ ಮಾಡಾಕ."

"ನೀವಾ?" ಅವಳು ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕಳು. "ಹಂಗಾರ ಬುಟ್ಟಿ ಕೊಡ್ತೀನಿ, ಕುಂದರ್ರಿ."

"ನಗಬ್ಯಾಡ ನಸೀಮಾ. ಜೀವಕ್ಕ ತಾಯೀನ ಬೇಕಂತಿಲ್ಲ, ಕಾವು ಇದ್ರ ಸಾಕು. ನಮ್ಮ ಋಷಿಗಳು ಕೊಡದಾಗ ಹುಟ್ಯಾರ. ಇವತ್ತು ಕೋಳಿ ಮರಿ. ನಾಳೆ ಏನೈತೋ ಯಾರು ಬಲ್ಲರು?"

ಹಾಗೆನ್ನುವಾಗ ಅವನ ಕಣ್ಣಲ್ಲಿದ್ದ ಹೊಳಪು ಭಕ್ತಿಯದಾಗಿರಲಿಲ್ಲ. ದೇವರ ಮನೆಯ ಬೀಗದ ಕೈ ಸಿಕ್ಕವನ ಹೊಳಪು ಅದು.

ತತ್ತಿಗಳು ಒಂದು ಮುಂಜಾನೆ ಬಿರಿದವು. ಒದ್ದೆಯಾದ, ನಡುಗುವ, ಎಂದೂ ಇಲ್ಲದಿದ್ದ ಜೀವಗಳು ಅರಳೆಯ ಮೇಲೆ ಉರುಳಿ ಬಿದ್ದಾಗ ಆದೆಪ್ಪನು ಅವನ್ನು ಮುಟ್ಟಲೂ ಇಲ್ಲ. ನೇರವಾಗಿ ಕಚೇರಿಗೆ ಓಡಿದನು. ತಹಸೀಲ್ದಾರ್ ಸಾಹೇಬರು ಶಹಬಾಸ್ ಅಂದರು, ಚಹಾ ತರಿಸಿದರು, ಹೈದರಾಬಾದಿಗೆ ಬರೆಯೋಣವೆಂದರು. ಮಾತು ಬೆಳೆಯಿತು. ಅವನು ಮನೆಗೆ ಮರಳುವಾಗ ಹೊತ್ತು ಇಳಿದಿತ್ತು. ಕಂದೀಲಿನ ಎಣ್ಣೆ ತೀರಿತ್ತು. ಬಹುಪಾಲು ಮರಿಗಳು ಒಂದರ ಮೇಲೊಂದು ಬಿದ್ದು ತಣ್ಣಗಾಗಿದ್ದವು. ಉಳಿದವು ಪೆಟ್ಟಿಗೆಯಿಂದ ಹೊರಬಿದ್ದು, ಚಿಂವ್‌ಗುಡುತ್ತ ಅವನ ಕಾಲಿನ ಕಡೆಗೇ ಬಂದವು. ಆದೆಪ್ಪನಿಗೆ ಹೆದರಿಕೆಯಾಯಿತು. ಹುಟ್ಟಿದ ಮೇಲೆ ಏನೆಂಬುದನ್ನು ಅವನು ಒಂದು ಕ್ಷಣವೂ ಯೋಚಿಸಿರಲಿಲ್ಲ. ಹಿಂದೆ ಹಿಂದೆ ಸರಿದು, ಕೊಟ್ಟಿಗೆಯ ಕದವನ್ನು ಹೊರಗಿನಿಂದ ಎಳೆದುಕೊಂಡು ನಿಂತುಬಿಟ್ಟನು.

ಕದ ತೆಗೆದವಳು ನಸೀಮಾಬಿ. ಬದುಕಿದ್ದವನ್ನು ಉಡಿಯಲ್ಲಿ ಕಟ್ಟಿಕೊಂಡಳು.

"ಕಾವು ಕೊಟ್ಟಿದ್ದೆ ನಸೀಮಾ. ಒಂದಿಷ್ಟೂ ಕಡಿಮಿ ಮಾಡಿರಲಿಲ್ಲ."

"ಕಾವು ಅಂದ್ರ ಬರೇ ಬೆಂಕಿ ಅಂತ ತಿಳಕೊಂಡ್ರೇನ್ರಿ? ನನ್ನ ಕೋಳಿ ಮರಿ ಹೊರಗ ಬಂದ ಮ್ಯಾಲೂ ಕಾಯ್ತೈತಿ. ಹದ್ದು ಬಂದ್ರ ಕಾಯ್ತೈತಿ, ಬೆಕ್ಕು ಬಂದ್ರ ಕಾಯ್ತೈತಿ. ನೀವು ನೀರು ಕಾಸಿದ್ರಿ. ಮರಿ ಕಾಯ್ಲಿಲ್ಲ."

ನೀರು ಕಾಯುತ್ತದೆ, ದನಗಾಹಿ ದನ ಕಾಯುತ್ತಾನೆ, ಮಗನ ದಾರಿಯನ್ನು ತಾಯಿ ಕಾಯುತ್ತಾಳೆ. ಮೂರಕ್ಕೂ ನಮ್ಮ ಹಿರಿಯರು ಒಂದೇ ಮಾತನ್ನಿಟ್ಟರು. ಸಂಸ್ಕೃತದ ಧಾತುಪಾಠವನ್ನೆಲ್ಲ ಕಂಠಪಾಠ ಮಾಡಿದ್ದ ಆದೆಪ್ಪನು ತನ್ನ ತಾಯ್ನುಡಿಯ ಈ ಚಿಕ್ಕ ಮಾತಿನ ಅರ್ಧವನ್ನಷ್ಟೇ ಓದಿಕೊಂಡಿದ್ದನು. ಆ ಸಂಜೆ ಅವನು ಊಟ ಮಾಡಲಿಲ್ಲ.

*

ಬಂಡಿ ಬಂದಾಗ ನೆತ್ತಿಯ ಮೇಲೆ ಬಿಸಿಲು. ಶಿವರಾತ್ರಿ ಕಳೆದಿತ್ತು, ಸುಗ್ಗಿ ಮುಗಿದ ಎರೆಹೊಲಗಳು ಬಿರುಕು ಬಿಡತೊಡಗಿದ್ದವು. ಗಂಡ ಯಮನೂರಪ್ಪ ಎತ್ತುಗಳನ್ನು ಹಿಡಿಯುತ್ತಿದ್ದಂತೆಯೇ ಪಾರಮ್ಮ ಕಂಕುಳಲ್ಲಿ ಎಳೆಯ ಮಗಳನ್ನು ಹೊತ್ತು ಇಳಿದಳು. ಎತ್ತರದ ಹೆಂಗಸಲ್ಲ, ತೆಳ್ಳನೆಯ ಮೈ. ಆದರೆ ನಡೆಯುವಾಗ ನೆಲ ಕೇಳುತ್ತಿತ್ತು.

ನೇರವಾಗಿ ಒಳಗೆ ಹೋದಳು. ಹಣೆಗೂ ತೋಳಿಗೂ ವಿಭೂತಿ ಧರಿಸಿ, ಚೆಂಡುಹೂವಿನ ಮಾಲೆ ತೊಟ್ಟು ಆದೆಪ್ಪ ಪಂಡಿತರು ಹೆಣ ಹೊರುವ ಬಿದಿರಿನ ವಿಮಾನದಲ್ಲಿ ಕುಳಿತಿದ್ದರು. ಮಂಡಿ ಕೊನೆಗೂ ಮಡಚಿತ್ತು.

"ಅಪ್ಪಾ, ಬಂದೆ," ಎಂದಳು, ಅವರು ಜಗುಲಿಯಲ್ಲಿ ಕುಳಿತು ಮದ್ದು ಅರೆಯುತ್ತಿದ್ದಾರೆಂಬಂತೆ. "ಎತ್ತು ಕುಂಟಿತು, ತಡಾ ಆತು. ಬೈಬ್ಯಾಡ." ಆಮೇಲೆ ಅವಳ ದನಿ ಮುರಿಯಿತು. ನಸೀಮಾಬಿ ಹೊರಗಿನಿಂದ ಎದ್ದು ಬಂದು ಅವಳ ತಲೆಯನ್ನು ಎದೆಗೊತ್ತಿಕೊಂಡಳು. ಆ ಎದೆಯ ಹಾಲನ್ನೇ ಕುಡಿದು ಬೆಳೆದವಳು ಪಾರಮ್ಮ.

"ಅಳು ನನ್ನವ್ವಾ, ಅಳು. ಆದ್ರ ಕೂಸಿಗೆ ಮದ್ಲು ನೀರು ಕುಡಿಸು. ಇಲ್ಲಾಂದ್ರ ನಿಮ್ಮಪ್ಪ ಎದ್ದು ಬಂದು ಬೈತಾನ."

ಉಮಾಪತಿ ಗೌಡನ ಮಾತನ್ನು ಅವಳಿಗೆ ತಿಳಿಸಿದನು. ಪಾರಮ್ಮ ಮುಖ ತೊಳೆದು, ಸೆರಗನ್ನು ಹೊದ್ದು, ಬೇವಿನ ಮರದ ಕೆಳಗೆ ಕುಳಿತಿದ್ದ ಕೊಟ್ರಪ್ಪನ ಮುಂದೆ ಹೋಗಿ ನಿಂತಳು. ಅವನು ಮರದ ಬುಡವನ್ನು ನೋಡಿದನು.

"ಗೌಡ್ರ, ಆ ಕುಣ್ಯಾಗ ನಾ ಇಲ್ಲ ಅಂಬೂದು ನಿಮಗ ಗೊತ್ತೈತಲ್ರಿ?"

"ಗೊತ್ತಿದ್ದದ್ದು ಬ್ಯಾರೆ," ಎಂದನು ಅವನು ಬೇವಿಗೆ. "ರೂಢಿ ಬ್ಯಾರೆ. ಜಳಕಾ ಮಾಡಿ ಬಿಟ್ಟದ್ದು ಬಿಟ್ಟದ್ದ."

"ನಿಮ್ಮ ಮ್ಯಾಲ ನನಗ ಸಿಟ್ಟಿಲ್ರಿ. ಸಣ್ಣಾಕಿ ಇದ್ದಾಗ ಇತ್ತು, ಸುಳ್ಳ್ಯಾಕ ಹೇಳ್ಲಿ. ಒಂದಿನ ಅಪ್ಪನ ಮುಂದ ನಿಮಗ ಬೈದೆ. ಅಪ್ಪ ಅಂದ, ಕೊಟ್ರಪ್ಪ ಬಿಟ್ಟಿದ್ದಕ್ಕ ನೀ ನನಗ ಸಿಕ್ಕಿ, ಅವಗ ಕೈಮುಗೀಬೇಕು ಅಂದ." ಅವಳು ಕೈಮುಗಿದಳು. "ಈ ಒಂದು ಹಿಡಿ ಮಾತ್ರ ಬಿಟ್ಟುಕೊಡ್ರಿ. ಬ್ಯಾರೆ ಏನೂ ಕೇಳಾಂಗಿಲ್ಲ ನಾ."

ಕೊಟ್ರಪ್ಪನು ಬೇವಿನಿಂದ ಕಣ್ಣು ತೆಗೆದು ಅವಳ ಮುಗಿದ ಕೈಗಳನ್ನು ನೋಡಿದನು. ಆದರೆ ದೈವದ ಹಿರಿಯರು ನಾಲ್ವರು ಅತ್ತ ಬಂದು ನಿಂತಿದ್ದರು. "ಹೊತ್ತಾತು, ಎತ್ರಿ," ಎಂದು ಅವನು ಎದ್ದುಬಿಟ್ಟನು.

*

ಮರಿಗಳು ಸತ್ತ ವರ್ಷದ ಚಳಿಗಾಲದಲ್ಲಿಯೇ ಕೊಟ್ರಪ್ಪನ ಹೆಂಡತಿ ಅನ್ನಮ್ಮನಿಗೆ ಏಳು ತಿಂಗಳಿಗೆ ಹೆರಿಗೆಯಾಯಿತು. ಆದೆಪ್ಪನನ್ನು ಕರೆಸುವ ಹೊತ್ತಿಗೆ ತಡವಾಗಿತ್ತು. ತಾಯಿ ಅವನ ಕೈಯಲ್ಲಿಯೇ ಹೋದಳು. ಕೂಸು ಉಸಿರಿಲ್ಲದೆ ಹುಟ್ಟಿತೆಂದು ಸೂಲಗಿತ್ತಿ ಅದನ್ನು ಮೊರದಲ್ಲಿ ಹಾಕಿ ಮೂಲೆಗಿಟ್ಟಿದ್ದಳು. ಕೊಟ್ರಪ್ಪನು ಗುದ್ದಲಿ ಹಿಡಿದು, ಹೊಲದ ಬದುವಿನಲ್ಲಿ ಕೂಸಿಗೆಂದು ಮೊಳದುದ್ದದ ಕುಣಿಯನ್ನು ತೆಗೆಯಲು ಹೋಗಿದ್ದನು.

ಹೊರಡಲೆಂದು ಎದ್ದ ಆದೆಪ್ಪನು ಮೊರದತ್ತ ನೋಡಿದನು. ಬೆರಳಿನಷ್ಟು ತೋಳು, ಕಾಗದದಂಥ ಚರ್ಮ. ಅದರ ಎದೆ ಒಮ್ಮೆ ಅಲುಗಿದಂತಾಯಿತು. ಬಾಯಿಗೆ ಬಾಯಿಟ್ಟು, ದೀಪದ ಕುಡಿ ಆರದಷ್ಟು ಮೆಲ್ಲಗೆ ಊದಿದನು. ಮತ್ತೆ ಊದಿದನು. ಅದು ಬೆಕ್ಕಿನ ಮರಿಯಂತೆ ಒಂದು ಸದ್ದು ಮಾಡಿತು. ಅಂಗಿಯೊಳಗೆ ಎದೆಗೆ ಹಚ್ಚಿಕೊಂಡು ಓಡಿದನು. ಈ ಸಲ ಕಚೇರಿಗಲ್ಲ, ಹಿತ್ತಲಿಗೆ.

ಪೆಟ್ಟಿಗೆಯ ನೀರು ಬೆಚ್ಚಗಾಗಿ, ಕೂಸು ಅರಳೆಯೊಳಗೆ ಉಸಿರಾಡತೊಡಗಿದ ಮೇಲೆ ಅವನು ಕೊಟ್ರಪ್ಪನ ಮನೆಗೆ ಹೋದನು. ಅಷ್ಟರಲ್ಲಿ ಅಲ್ಲಿ ಎಲ್ಲವೂ ಮುಗಿದಿತ್ತು. ಪಂಡಿತನು ಸತ್ತ ಕೂಸನ್ನು ಏನೋ ಮಾಡಲು ಒಯ್ದನೆಂದು ಊರು ಹೇಳಿತ್ತು. ತೆಗೆದ ಕುಣಿಯನ್ನು ಬರಿದಾಗಿ ಮುಚ್ಚಬಾರದು. ಮುಚ್ಚಿದರೆ ಅದು ಮನೆಯಿಂದ ಇನ್ನೊಂದು ಜೀವವನ್ನು ಕೇಳುತ್ತದೆಂಬ ನಂಬಿಕೆ. ಕೊಟ್ರಪ್ಪನು ಕೂಸಿನ ಬಟ್ಟೆಯಲ್ಲಿ ತೆಂಗಿನಕಾಯಿಯೊಂದನ್ನು ಸುತ್ತಿ ಮಣ್ಣುಮಾಡಿ, ಮಿಂದು, ಒದ್ದೆ ಧೋತರದಲ್ಲಿ ಕುಳಿತಿದ್ದನು.

"ಕೊಟ್ರಪ್ಪ, ಕೂಸು ಉಸಿರಾಡ್ತೈತಿ. ಹೆಣ್ಣುಮಗು. ಬಾ, ನೋಡು."

"ನನ್ನ ಕೂಸು ಮಣ್ಣಾತು. ಜಳಕಾ ಮಾಡೇನಿ." ಅವನ ಹಲ್ಲುಗಳು ಕಟಕಟಿಸುತ್ತಿದ್ದವು, ಚಳಿಯೋ ಭಯವೋ ಹೇಳಬರುತ್ತಿರಲಿಲ್ಲ. "ನಿನ್ನ ಪೆಟಿಗ್ಯಾಗ ಇರೂದು ನಿನ್ನ ಕಂದೀಲಿಗೆ ಹುಟ್ಟಿದ್ದು. ಅದನ್ನ ನನ್ನ ಬಾಗಲಿಗೆ ತರಬ್ಯಾಡ."

ಆದೆಪ್ಪನು ಹಿಂದಿರುಗಿದನು. ಪೆಟ್ಟಿಗೆಯ ಮಗ್ಗುಲಿಗೆ ತಾನು ಮಲಗುವ ಹೊರಸನ್ನು ಎಳೆದುಕೊಂಡನು. ಅಂದಿನಿಂದ ರೋಗಿಗಳು ಕೊಟ್ಟಿಗೆಯ ಬಾಗಿಲಿಗೇ ಬರಬೇಕಾಯಿತು. ಕೂಸಿಗೆ ಚೀಪುವ ಶಕ್ತಿಯಿರಲಿಲ್ಲ. ಆಗಷ್ಟೇ ಬಾಣಂತಿಯಾಗಿದ್ದ ನಸೀಮಾಬಿ ತನ್ನ ಹಾಲನ್ನು ಅರಳೆಯ ಬತ್ತಿಯಿಂದ ಹನಿಹನಿಯಾಗಿ ಬಿಡುತ್ತಿದ್ದಳು. ಜನರು ಬಾಗಿಲಲ್ಲಿ ಇಣುಕಿದರು. ದೆವ್ವದ ಕೂಸು ಎಂದರು, ಪೆಟಿಗಿ ಕೂಸು ಎಂದರು. ಆದೆಪ್ಪನು ಯಾರೊಡನೆಯೂ ವಾದಿಸಲಿಲ್ಲ. ಗಾಳಿ ಬರುತ್ತದೆಂದು ಹೇಳಿ ಕದ ಹಾಕಿಕೊಂಡನು. ಕೂಸು ಮೊದಲ ಬಾರಿಗೆ ತಾನಾಗಿ ಮೊಲೆ ಹಿಡಿದ ದಿನ ನಸೀಮಾಬಿ ಕೂಗಿಕೊಂಡಳು: "ಪಾರಾತ್ರಿ ಪಂಡಿತ್ರ! ಪಾರಾತು!" ಆ ಕೂಗೇ ಹೆಸರಾಗಿ ನಿಂತಿತು.

ಬೇಸಿಗೆಯಲ್ಲಿ ತಹಸೀಲ್ದಾರ್ ಸಾಹೇಬರು ಜವಾನನನ್ನು ಕಳಿಸಿದರು. ಹೈದರಾಬಾದಿನ ದೊಡ್ಡ ಹಕೀಮರು ಪೆಟ್ಟಿಗೆಯನ್ನೂ ಅದನ್ನು ಮಾಡಿದವನನ್ನೂ ನೋಡಬಯಸಿದ್ದರಂತೆ. ಒಂದು ವರ್ಷದ ಹಿಂದೆ ಆ ಕರೆಗಾಗಿ ಆದೆಪ್ಪನು ಬರಿಗಾಲಲ್ಲಿ ಹೋಗುತ್ತಿದ್ದನು.

"ಸಾಹೇಬರಿಗೆ ಸಲಾಂ ಹೇಳ್ರಿ," ಎಂದನು. "ಈಗ ಬರಾಕ ಆಗೂದಿಲ್ಲ. ಕೂಸಿಗೆ ಹಲ್ಲು ಬರಾಕ್ಹತ್ಯಾವ."

ಮುಂದೆ ಯಾರೂ ಕರೆಯಲಿಲ್ಲ. ಅವನು ಕೀರ್ತಿವಂತನಾಗಲಿಲ್ಲ. ಮಗಳಿಗೆ ಜಡೆ ಹಾಕಲು ಕಲಿತನು, ರೊಟ್ಟಿ ತಟ್ಟಲು ಕಲಿತನು. ಊರವರ ಜ್ವರ ನೋಡುತ್ತ ಮುದುಕನಾದನು.

*

ಭಜನೆ ಊರು ದಾಟಿ ಪಂಡಿತರ ಹೊಲವನ್ನು ಸೇರಿತು. ಕುಣಿಯೊಳಗೆ ಪೂರ್ವಾಭಿಮುಖವಾಗಿ ಅವರನ್ನು ಕುಳ್ಳಿರಿಸಿ, ಅಯ್ಯನವರು ಕೊರಳ ಲಿಂಗವನ್ನು ಎಡ ಅಂಗೈಯಲ್ಲಿಟ್ಟರು. ನಸೀಮಾಬಿ ಬಿಡಿಸಿಕೊಟ್ಟ ಬಿಲ್ವಪತ್ರೆಗಳು ಎದೆಯವರೆಗೆ ತುಂಬಿದವು. ಮಂತ್ರ ಮುಗಿಯಿತು.

"ಮಣ್ಣು ಕೊಡ್ರಿ," ಎಂದರು ಅಯ್ಯನವರು.

ಉಮಾಪತಿ ಒಂದು ಹೆಜ್ಜೆ ಹಿಂದೆ ಸರಿದನು. ಪಾರಮ್ಮ ಕೂಸನ್ನು ಕಂಕುಳಿಗೇರಿಸಿ ಬಾಗಿದಳು.

"ಬ್ಯಾಡ," ಎಂದನು ಕೊಟ್ರಪ್ಪ.

ಸಲಿಕೆ ಹಿಡಿದವರು ನಿಂತರು. ಹಿಂದಿನ ಸಾಲಿನಲ್ಲಿ ಗುಜುಗುಜು ಎದ್ದಿತು. "ಆಕೀನ ಕೊಡ್ಲಿ ಬಿಡ್ರಿ, ಸಾಕಿದಾಂವ ಹೇಳ್ಯಾನ," ಎಂದರು ಕೆಲವರು. "ಹೇಳವ್ರು ಹೇಳಿ ಹೋಗ್ತಾರ, ಇರವ್ರಿಗೆ ಏನಾರ ಆದ್ರ?" ಎಂದರು ಹಲವರು. ಎಲ್ಲರೂ ಅಯ್ಯನವರತ್ತ ನೋಡಿದರು. ಅವರು ಗಡ್ಡವನ್ನು ಕೆರೆದುಕೊಂಡರು.

"ಶಾಸ್ತ್ರದಾಗ ನಾ ಇದನ್ನ ಓದಿಲ್ಲ. ರೂಢಿ ಐತಿ, ಅದು ಖರೇ. ಸತ್ತಾಂವ ಹೇಳಿದ್ದೂ ಖರೇ. ಒಂದನ್ನ ಮುರೀಬೇಕಂದ್ರ ಯಾವದನ್ನ ಮುರೀಲಿ?"

ಪಾರಮ್ಮ ಕುಣಿಯ ಅಂಚಿನಲ್ಲಿ ಕುಳಿತಳು. ಅಳುತ್ತಿರಲಿಲ್ಲ. ಅಪ್ಪನ ನೆತ್ತಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮಡಿಲಲ್ಲಿದ್ದ ಮಗಳನ್ನು ನೋಡಿದಳು.

"ನನ್ನ ಕೈ ಬ್ಯಾಡಂದ್ರ ಬ್ಯಾಡ, ಅಯ್ಯಾರ. ಇದರ ಹೆಸರಿಗೆ ಯಾರೂ ಕುಣಿ ತೆಗ್ದಿಲ್ಲಲ್ರಿ?"

ಅಯ್ಯನವರ ಮುಖ ಬಿಚ್ಚಿತು. "ಇಲ್ಲ ನಮ್ಮವ್ವಾ. ನೂರು ವರ್ಷ ತೆಗೀಬಾರ್ದು. ಕೊಡಸು, ಕೊಡಸು. ಕೂಸಿನ ಕೈಯಂದ್ರ ದೇವರ ಕೈ. ಏನಂತೀ ಕೊಟ್ರಪ್ಪ?"

ಕೊಟ್ರಪ್ಪನು ಬಾಗಿ ಒಂದು ಹಿಡಿ ಮಣ್ಣನ್ನು ಕೈಗೆ ತೆಗೆದುಕೊಂಡನು.

ಪಾರಮ್ಮ ಕರಿಮಣ್ಣನ್ನು ಬೆರಳುಗಳಲ್ಲಿ ಪುಡಿಮಾಡಿ ಮಗಳ ಅಂಗೈಗಿಟ್ಟು, ಆ ಪುಟ್ಟ ತೋಳನ್ನು ಕುಣಿಯ ಮೇಲೆ ಚಾಚಿದಳು. ಕೂಸು ಮಣ್ಣನ್ನು ನೋಡಿತು. ಮುಷ್ಟಿಯನ್ನು ಬಿಗಿಯಾಗಿ ಮುಚ್ಚಿಕೊಂಡಿತು.

"ಬಿಡವ್ವಾ. ಮುತ್ಯಾಗ ಕೊಡು. ಬಿಡು ನನ್ನ ಬಂಗಾರ."

ಬಿಡಲಿಲ್ಲ. ತಾಯಿ ಅದರ ಕೈಯನ್ನು ಅಲುಗಿಸಿದಳು, ಮಣಿಕಟ್ಟಿಗೆ ಮುತ್ತಿಟ್ಟಳು. ಅದು ಇನ್ನಷ್ಟು ಬಿಗಿಹಿಡಿದು, ಹಲ್ಲಿಲ್ಲದ ಬಾಯಲ್ಲಿ ನಕ್ಕಿತು.

"ಬಿಡಿಸಬ್ಯಾಡ್ರಿ," ಎಂದರು ಅಯ್ಯನವರು. "ತಾನಾಗೇ ಬಿಡಬೇಕು."

"ಹಿಡದದ್ದು ಬಿಡೂ ಜಾತೀನ ಅಲ್ರಿ ಅದು," ಎಂದಳು ನಸೀಮಾಬಿ ಹಿಂದಿನಿಂದ. ಹೊಲದ ತುಂಬ ನಗು ಹರಡಿತು. ಮೊದಲ ಹಿಡಿ ಬೀಳದೆ ಯಾರೂ ಮಣ್ಣು ಕೊಡುವಂತಿರಲಿಲ್ಲ. ಗೌಡರು, ಆಳುಗಳು, ಸಲಿಕೆಯವರು, ಎಲ್ಲರೂ ಕೈಯಲ್ಲಿ ಮಣ್ಣು ಹಿಡಿದು ನಿಂತಿದ್ದರು. ಮರದ ನೆರಳೊಂದಿಲ್ಲದ ಹೊಲ. ಕೂಸಿನ ಮುಖ ಬಿಸಿಲಿಗೆ ಕೆಂಪೇರಿತು.

ಕೊಟ್ರಪ್ಪನು ತನ್ನ ಕೈಯ ಮಣ್ಣನ್ನು ಕೆಳಗೆ ಸುರಿದನು. ಕುಣಿಯನ್ನು ಸುತ್ತಿಕೊಂಡು ಬಂದು ಪಾರಮ್ಮನ ಹಿಂದೆ ನಿಂತನು. ಊರಿನ ಮುಂದೆ ಎಂದೂ ತೆಗೆಯದ ರುಮಾಲನ್ನು ತಲೆಯಿಂದ ಬಿಚ್ಚಿ, ಸುರುಳಿಯನ್ನು ಬಿಡಿಸಿ, ಎರಡೂ ಕೈಗಳಿಂದ ಅಗಲವಾಗಿ ಎತ್ತಿ ಹಿಡಿದನು. ತಾಯಿಯ ಮೇಲೂ ಮಗಳ ಮೇಲೂ ನೆರಳು ಬಿದ್ದಿತು. ಅವನ ಬರಿಯ ನೆತ್ತಿಯ ಬಿಳಿಗೂದಲು ಬಿಸಿಲಲ್ಲಿ ಹೊಳೆಯುತ್ತಿತ್ತು. ಕೂಸು ತಲೆಯೆತ್ತಿ, ಗಾಳಿಗೆ ತುಂಬಿಕೊಂಡ ಆ ಕೆಂಪು ಬಟ್ಟೆಯನ್ನು ಕಣ್ಣರಳಿಸಿ ನೋಡಿತು. ಅದನ್ನು ಹಿಡಿಯಲೆಂದು ತನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿತು.

ಇದನ್ನು ಕೇಳಿದವರ ಮನೆಯ ತೊಟ್ಟಿಲು ತುಂಬಿರಲಿ. ತೊಟ್ಟಿಲ ಬಳಿ ಕುಳಿತವರಿಗೆ ಬೇಸರ ಬಾರದಿರಲಿ. ಕೈಬಿಟ್ಟವರಿಗೂ ಕೈಹಿಡಿದವರಿಗೂ ಶಿವನು ಒಂದೇ ನೆರಳನ್ನು ನೀಡಲಿ. ಸರ್ವರಿಗೂ ಮಂಗಳವಾಗಲಿ.